ಬೆಕ್ಕಿಗೆ ಗೊಟ್ಟ ಹಿಡಿಯಬೇಡಿ

"ಉಪ್ಪುನೀರು ಹಾಕ್ರಿ, ಕಕ್ಕುತ್ತೆ. ಆಮೇಲೆ ಒಂದಿಷ್ಟು ಹಾಲು ಕುಡಿಸ್ರಿ. ಬೆಕ್ಕಿನ ಜೀವ ಗಟ್ಟಿ, ಏನೂ ಆಗಲ್ಲ."

ಸಾಕಿದ ಬೆಕ್ಕು ಮಾತ್ರೆ ನುಂಗಿತು, ಔಷಧಿ ನೆಕ್ಕಿತು ಎಂದ ಕೂಡಲೇ ನಮ್ಮ ಕಡೆ ಯಾವ ಜಗುಲಿಯಲ್ಲಾದರೂ ಕೇಳಿಬರುವ ಮಾತು ಇದು. ಹೇಳುವವರಲ್ಲಿ ಕೆಟ್ಟತನವಿಲ್ಲ. ಓಡಿಬಂದವರು, ಮರುಗಿದವರು, ಒಲೆಯ ಮೇಲಿದ್ದ ಹಾಲಿನ ಪಾತ್ರೆಯನ್ನೇ ಎತ್ತಿಕೊಂಡು ಬಂದವರು. ಆದರೂ ಆ ಮೂರು ಮಾತುಗಳಲ್ಲಿ ಒಂದೂ ನಿಜವಲ್ಲ. ಮೂರೂ ಸೇರಿ ಬೆಕ್ಕನ್ನು ಕೊಲ್ಲುತ್ತವೆ. ಮಾತ್ರೆಯಷ್ಟಕ್ಕೇ ಬಿಟ್ಟು ಬೇಗ ವೈದ್ಯರ ಬಳಿಗೆ ಒಯ್ದಿದ್ದರೆ ಉಳಿಯಬಹುದಾಗಿದ್ದ ಬೆಕ್ಕೂ ಈ ಉಪಚಾರದಿಂದ ಸಾಯುತ್ತದೆ.

ನಮ್ಮ ಅಂತರಘಟ್ಟೆಯ ಸೀಮೆ ದನಗಳ ಸೀಮೆ. ದುರ್ಗಾಂಬೆಯ ಜಾತ್ರೆಗೆ ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬರುವವರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರದಲ್ಲೇ ಅಮೃತ ಮಹಲ್ ತಳಿಯ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ ಶುರುವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂದು ಹೆಸರು ಪಡೆದ ದನಗಳ ವಂಶ ಅದು. ಇಲ್ಲಿನ ರೈತ ಎತ್ತಿನ ಕಿವಿ ಮುಟ್ಟಿ ಜ್ವರ ಹೇಳುತ್ತಾನೆ, ಸಗಣಿ ನೋಡಿ ಹೊಟ್ಟೆಯ ಸ್ಥಿತಿ ಹೇಳುತ್ತಾನೆ, ಮೆಲುಕು ನಿಂತರೆ ಆ ರಾತ್ರಿ ನಿದ್ದೆ ಮಾಡುವುದಿಲ್ಲ. ಆ ಜ್ಞಾನಕ್ಕೆ ನಾನು ಕೈಮುಗಿಯುತ್ತೇನೆ. ನನ್ನ ತಕರಾರು ಇರುವುದು ದನಕ್ಕೆ ಹಿಡಿದ ಗೊಟ್ಟವನ್ನೇ ಬೆಕ್ಕಿಗೂ ಹಿಡಿಯುವುದರ ಬಗ್ಗೆ. ಎತ್ತಿನ ತಲೆ ಎತ್ತಿ ಹಿಡಿದು, ಬಿದಿರಿನ ಗೊಟ್ಟವನ್ನು ದವಡೆಗೆ ಕೊಟ್ಟು ಕಷಾಯ ಇಳಿಸುವ ಕೈಯೇ ಬೆಕ್ಕಿನ ಕುತ್ತಿಗೆ ಹಿಡಿದು ಚಮಚದಲ್ಲಿ, ಸಿರಿಂಜಿನಲ್ಲಿ ಉಪ್ಪುನೀರು ಇಳಿಸುತ್ತದೆ. ಎತ್ತಿಗೇ ಗೊಟ್ಟ ತಪ್ಪಿದರೆ ಔಷಧಿ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯ ಆಗುತ್ತದೆ ಎಂದು ಪಶುವೈದ್ಯರು ಎಚ್ಚರಿಸುತ್ತಲೇ ಬಂದಿದ್ದಾರೆ. ನಾನೂರು ಕೆ.ಜಿ.ಯ ಎತ್ತಿಗೇ ಹಾಗಾದರೆ ಮೂರೂವರೆ ಕೆ.ಜಿ.ಯ ಬೆಕ್ಕಿನ ಪಾಡೇನು?

ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಬೂದುಬಣ್ಣದ ಹೆಣ್ಣುಬೆಕ್ಕು. ಎರಡು ದಿನದಿಂದ ಊಟ ಬಿಟ್ಟು ಅಟ್ಟದ ಮೂಲೆ ಹಿಡಿದಿತ್ತು. ಮೈ ಮುಟ್ಟಿದರೆ ಬಿಸಿ. ಮನೆಯ ಹಿರಿಯರೊಬ್ಬರು ಜ್ವರದ ಮಾತ್ರೆಯನ್ನು ನಾಲ್ಕು ಚೂರು ಮಾಡಿ, ಒಂದು ಚೂರನ್ನು ಬೆಲ್ಲದ ನೀರಲ್ಲಿ ಕರಗಿಸಿ ಕುಡಿಸಿದರು. "ಮಗೂಗೆ ಕೊಡೋದಕ್ಕಿಂತ ಕಮ್ಮಿನೇ ಕೊಟ್ಟಿದೀನಪ್ಪ" ಎಂದರು. ಸಂಜೆಯ ಹೊತ್ತಿಗೆ ಬೆಕ್ಕಿನ ಮುಖ ಊದಿತ್ತು, ಮುಂಗಾಲಿನ ಪಾದಗಳೂ ಊದಿದ್ದವು. ಬಾಯಿ ತೆರೆದು ನೋಡಿದರೆ ಒಸಡು ಹಾಲು ಹಾಕದ ಕಾಫಿಯ ಬಣ್ಣ. ಪಕ್ಕದ ಮನೆಯವರು ಬಂದರು. ಉಪ್ಪುನೀರು ಬಂತು. ಇಬ್ಬರು ಹಿಡಿದುಕೊಂಡೆವು, ಒಬ್ಬರು ಹೊಯ್ದರು. ಬೆಕ್ಕು ಕಕ್ಕಲಿಲ್ಲ, ಕೆಮ್ಮಿತು. ಬೆಳಗಿನ ಜಾವ ಸತ್ತಿತು. ಮಾತ್ರೆ ಅರ್ಧ ಕೊಂದಿತ್ತು, ಉಳಿದರ್ಧ ನಾವು ಕೊಂದೆವು.

"ಕಾಲು ಮಾತ್ರೆ" ಎನ್ನುವ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡೋಣ. ಜ್ವರದ ಮಾತ್ರೆ ಎಂದರೆ ನಮ್ಮಲ್ಲಿ ಪ್ಯಾರಾಸಿಟಮಾಲ್. 500 ಮಿಲಿಗ್ರಾಂನದು, ಇಲ್ಲವೇ 650ರದು. 500ರ ಮಾತ್ರೆಯ ಕಾಲು ಭಾಗ 125 ಮಿಲಿಗ್ರಾಂ. ಮೂರೂವರೆ ಕೆ.ಜಿ. ಬೆಕ್ಕಿಗೆ ಅದು ಕೆ.ಜಿ.ಗೆ 35 ಮಿಲಿಗ್ರಾಂ ದಾಟುತ್ತದೆ. ಕೆ.ಜಿ.ಗೆ 10 ಮಿಲಿಗ್ರಾಂನಷ್ಟು ಕಡಿಮೆ ಪ್ರಮಾಣದಲ್ಲೇ ಬೆಕ್ಕುಗಳಿಗೆ ವಿಷವೇರಿದ ಉದಾಹರಣೆಗಳು ಪಶುವೈದ್ಯಕೀಯದಲ್ಲಿ ದಾಖಲಾಗಿವೆ. ಮಕ್ಕಳ ಸಿರಪ್ಪೂ ಸುರಕ್ಷಿತವಲ್ಲ, 5 ಎಂ.ಎಲ್.ಗೆ 125 ಮಿಲಿಗ್ರಾಂ ಇರುವ ಸಿರಪ್ಪಿನ ಒಂದು ಚಮಚ ಎಂದರೆ ಅದೇ ಕಾಲು ಮಾತ್ರೆ. ಪೂರ್ತಿ ಮಾತ್ರೆಯಂತೂ ಬೆಕ್ಕಿಗೆ ಮರಣಶಾಸನ. ಬೆಕ್ಕಿಗೆ ಸುರಕ್ಷಿತ ಎನ್ನಬಹುದಾದ ಪ್ಯಾರಾಸಿಟಮಾಲ್ ಪ್ರಮಾಣ ಯಾವುದೂ ಇಲ್ಲ.

ಇದು ಗಾತ್ರದ ಪ್ರಶ್ನೆಯಾಗಿದ್ದರೆ ಚೂರನ್ನು ಇನ್ನೂ ಸಣ್ಣದು ಮಾಡಿದರೆ ಸಾಕಿತ್ತು. ಇದು ಯಕೃತ್ತಿನ ಪ್ರಶ್ನೆ. ನಮ್ಮ ಯಕೃತ್ತು ಪ್ಯಾರಾಸಿಟಮಾಲನ್ನು ಗ್ಲುಕುರೊನಿಕ್ ಆಮ್ಲದ ಜೊತೆ ಜೋಡಿಸಿ, ನೀರಲ್ಲಿ ಕರಗುವ ಹಾಗೆ ಮಾಡಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಜೋಡಿಸುವ ಆ ಕಿಣ್ವದ ಜೀನ್ ಬೆಕ್ಕಿನಲ್ಲಿ ಕೆಟ್ಟುಹೋಗಿದೆ. ಅದನ್ನು 2000ದ ಹೊತ್ತಿಗೆ ಸಂಶೋಧಕರು ತೋರಿಸಿಕೊಟ್ಟರು. ಬೆಕ್ಕಿನ ಕುಲದ ಕಾಡುಪ್ರಾಣಿಗಳಲ್ಲೂ ಇದೇ ಲೋಪ ಆಮೇಲೆ ಕಂಡುಬಂತು. ಲಕ್ಷಾಂತರ ವರ್ಷ ಮಾಂಸವನ್ನೇ ತಿಂದು ಬಂದ ಕುಲಕ್ಕೆ ಸೊಪ್ಪುಸದೆಯ ವಿಷ ಕರಗಿಸುವ ಯಂತ್ರ ಬೇಕಾಗಲಿಲ್ಲ, ಅದು ತುಕ್ಕು ಹಿಡಿಯಿತು ಎಂಬುದು ಅದಕ್ಕೆ ಕೊಡುವ ವಿವರಣೆ. ತರೀಕೆರೆಯ ಆಚೆ ಭದ್ರಾ ಕಾಡಿನಲ್ಲಿ ತಿರುಗುವ ಹುಲಿಗೂ ನಿಮ್ಮ ಒಲೆಯ ಬುಡದಲ್ಲಿ ಮಲಗುವ ಬೆಕ್ಕಿಗೂ ಇರುವ ನೆಂಟಸ್ತನ ಮೀಸೆಯಲ್ಲಷ್ಟೇ ಅಲ್ಲ, ಪಿತ್ತಕೋಶದ ಪಕ್ಕದಲ್ಲೂ ಇದೆ.

ಹೊರಹೋಗಲು ದಾರಿ ಕಾಣದ ಔಷಧಿ ಬೆಕ್ಕಿನ ಮೈಯಲ್ಲಿ ಬೇರೆ ದಾರಿ ಹಿಡಿದು ವಿಷವಾಗುತ್ತದೆ. ಮೊದಲ ಪೆಟ್ಟು ರಕ್ತಕ್ಕೆ. ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದ ರೂಪಕ್ಕೆ ತಿರುಗುತ್ತದೆ, ರಕ್ತ ಕಂದಾಗುತ್ತದೆ. ಆ ಕಾಫಿ ಬಣ್ಣದ ಒಸಡು ಅದರದೇ ಗುರುತು. ಬೆಕ್ಕು ಉಸಿರಾಡುತ್ತಲೇ ಇರುತ್ತದೆ, ಉಸಿರು ಮಾತ್ರ ಮೈಗೆ ತಲುಪುವುದಿಲ್ಲ. ಇದು ಒಂದರಿಂದ ನಾಲ್ಕು ಗಂಟೆಯೊಳಗೆ ಶುರುವಾಗಬಹುದು. "ಗಟ್ಟಿ ಜೀವ" ಎಂದು ಬೆಳಗಿನವರೆಗೆ ಕಾಯುವವರು ಕಾಯುವುದು ಇದನ್ನೇ.

ಒಂದು ಪ್ರಾಣಿಗೆ ಆದ ಔಷಧಿ ಇನ್ನೊಂದಕ್ಕೂ ಆದೀತು ಎಂಬ ನಂಬಿಕೆಗೆ ಈ ದೇಶ ಈಗಾಗಲೇ ದೊಡ್ಡ ದಂಡ ತೆತ್ತಿದೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ದನಕ್ಕೆ ಏನೂ ಮಾಡಲಿಲ್ಲ. ಆ ದನ ಸತ್ತ ಮೇಲೆ ಅದರ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾವಿರ ಸಾವಿರವಾಗಿ ಸತ್ತವು. 2006ರಲ್ಲಿ ಪಶುಗಳಿಗೆ ಆ ಔಷಧಿಯ ಬಳಕೆಯನ್ನು ನಿಷೇಧಿಸಬೇಕಾಯಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಕೆಲವೇ ಹದ್ದುಗಳಿಗಾಗಿ 2012ರಲ್ಲಿ ವನ್ಯಧಾಮ ಮಾಡಬೇಕಾಯಿತು. ಅದೇ ಡೈಕ್ಲೋಫಿನಾಕ್ ಇವತ್ತು ಮುಲಾಮಾಗಿ ನಮ್ಮ ಮನೆಯ ಹಿರಿಯರ ಮಂಡಿಯ ಮೇಲಿದೆ. ತೊಡೆಯ ಮೇಲೆ ಮಲಗಿದ ಬೆಕ್ಕು ಆ ಮಂಡಿಯನ್ನು ನೆಕ್ಕುತ್ತದೆ. ಕೂದಲು ಬೆಳೆಯಲೆಂದು ಹಚ್ಚುವ ಮಿನಾಕ್ಸಿಡಿಲ್ ದಿಂಬಿಗೆ ಮೆತ್ತಿ ಅಲ್ಲಿಂದ ಬೆಕ್ಕಿನ ಹೊಟ್ಟೆಗೆ ಹೋದರೆ ಹೃದಯಕ್ಕೇ ಕುತ್ತು. ದನದ ಮೈಯ ಉಣ್ಣೆಗೆ ಹೊಡೆಯುವ ಔಷಧಿ ಉಳಿದಿದೆಯೆಂದು ಬೆಕ್ಕಿನ ಚಿಗಟಕ್ಕೂ ಸವರುತ್ತಾರೆ. ಪೈರೆಥ್ರಾಯ್ಡ್ ಜಾತಿಯ ಆ ಔಷಧಿಗಳು ದನಕ್ಕೆ, ನಾಯಿಗೆ ಸಹ್ಯ, ಬೆಕ್ಕಿಗೆ ನಡುಕ ಮತ್ತು ಸೆಳೆತ. ಬೆಕ್ಕು ತನ್ನ ಮೈಯನ್ನು ನಾಲಿಗೆಯಿಂದಲೇ ತೊಳೆದುಕೊಳ್ಳುವ ಪ್ರಾಣಿ. ಅದರ ಮೈಗೆ ಹಚ್ಚಿದ್ದೆಲ್ಲ ಅದರ ಬಾಯಿಗೆ ಹಾಕಿದ್ದೇ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ನಾಯಿ ಸಿಕ್ಕಿದ್ದನ್ನು ನುಂಗುತ್ತದೆ. ಬೆಕ್ಕು ಹಾಗಲ್ಲ, ಮೀನಿನ ತುಂಡನ್ನೂ ಮೂರು ಸಲ ಮೂಸಿ ಬಾಯಿ ಹಾಕುತ್ತದೆ. ಕಹಿ ಮಾತ್ರೆಯನ್ನು ತಾನಾಗಿ ಹುಡುಕಿ ತಿನ್ನುವ ಬೆಕ್ಕು ಅಪರೂಪ. ಅದರ ಹೊಟ್ಟೆಯಲ್ಲಿ ಮನುಷ್ಯರ ಮಾತ್ರೆ ಇದೆಯೆಂದರೆ ಬಹಳ ಸಲ ಅದು ಹೋದದ್ದು ಪ್ರೀತಿಯ ಕೈಯಿಂದ. ಬೆಕ್ಕು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಟ್ಟರೂ ಪಾಪ ತೀರುವುದಿಲ್ಲ ಎಂದು ನಂಬುವ ಜನ ನಾವು. ಗಾಡಿಗೆ ಅಡ್ಡಬಂದ ಬೆಕ್ಕಿಗೆ ಬ್ರೇಕು ಹಾಕುತ್ತೇವೆ. ಪಾಪದ ಆ ಭಯ ಔಷಧಿಯ ಡಬ್ಬಿ ತೆರೆಯುವಾಗಲೂ ಇರಲಿ.

ಇನ್ನು ಉಪ್ಪುನೀರು. ಒಂದು ಚಮಚ ಉಪ್ಪು ಸುಮಾರು ಆರು ಗ್ರಾಂ. ಮೂರೂವರೆ ಕೆ.ಜಿ. ಬೆಕ್ಕಿಗೆ ಅದನ್ನು ಕುಡಿಸುವುದೂ ಅರವತ್ತು ಕೆ.ಜಿ. ಮನುಷ್ಯನಿಗೆ ನೂರು ಗ್ರಾಂ ಉಪ್ಪು ಕುಡಿಸುವುದೂ ಒಂದೇ. ವಾಂತಿಯಾಗದೆ ಒಳಗೇ ಉಳಿದರೆ ರಕ್ತದಲ್ಲಿ ಸೋಡಿಯಂ ಏರುತ್ತದೆ, ಮಿದುಳಿನಿಂದ ನೀರು ಹೊರಗೆಳೆಯಲ್ಪಡುತ್ತದೆ, ಬೆಕ್ಕು ತೂರಾಡಿ ಸೆಳೆತಕ್ಕೆ ಬೀಳಬಹುದು. ನೋಡುವವರು "ಮಾತ್ರೆ ವಿಷ ತಲೆಗೇರ್ತು" ಎನ್ನುತ್ತಾರೆ. ತಲೆಗೇರಿದ್ದು ಉಪ್ಪು. ಪೇಟೆಯ ಕಡೆ, ಮೊಬೈಲು ನೋಡಿ ಕಲಿತವರ ಮನೆಗಳಲ್ಲಿ, ಉಪ್ಪಿನ ಜಾಗಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬಂದಿದೆ. ನಾಯಿಗೆ ಕೆಲವೊಮ್ಮೆ ವೈದ್ಯರೇ ಹೇಳಿ ಕೊಡಿಸುವ ಉಪಾಯ ಅದು. ಬೆಕ್ಕಿನಲ್ಲಿ ಅದು ಹೊಟ್ಟೆಯ ಒಳಪೊರೆಯನ್ನು ಸುಟ್ಟು ರಕ್ತ ಕಕ್ಕಿಸುತ್ತದೆ. ಬೆಕ್ಕಿಗೆ ವಾಂತಿ ಮಾಡಿಸುವುದು ಪಶುವೈದ್ಯರಿಗೇ ಸುಲಭವಲ್ಲ. ನಾಯಿಗೆ ಕೊಡುವ ಚುಚ್ಚುಮದ್ದು ಬೆಕ್ಕಿಗೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಬೇರೆಯದೇ ಔಷಧಿ ಬೇಕು. ನುಂಗಿ ಒಂದೆರಡು ಗಂಟೆ ಕಳೆದ ಮೇಲೆ ವಾಂತಿಯಿಂದ ಹೆಚ್ಚೇನೂ ಉಪಯೋಗವೂ ಇಲ್ಲ. ಆಸಿಡ್, ಸೀಮೆಎಣ್ಣೆ, ಫಿನಾಯಿಲ್ ಹೊಟ್ಟೆಗೆ ಹೋಗಿದ್ದರೆ ವಾಂತಿ ಎಂದರೆ ಎರಡನೆಯ ಸಲ ಸುಡುವುದು.

ಹಾಲಿನ ಮಾತು ಇನ್ನೂ ಹಳೆಯದು, ಇನ್ನೂ ಗಟ್ಟಿಯಾಗಿ ಬೇರುಬಿಟ್ಟದ್ದು. ಹಾಲು ವಿಷಹಾರಿ ಎಂಬ ನಂಬಿಕೆಯನ್ನು ನಾಗರಕಲ್ಲಿಗೆ ಹಾಲೆರೆಯುವಷ್ಟೇ ಭಕ್ತಿಯಿಂದ ಪಾಲಿಸುತ್ತೇವೆ. ಹಾಲು ಯಾವ ಮಾತ್ರೆಗೂ ಪ್ರತಿವಿಷವಲ್ಲ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಜೀರ್ಣವೇ ಆಗುವುದಿಲ್ಲ, ಭೇದಿಯಾಗಿ ಮೈಯ ನೀರು ಬತ್ತುತ್ತದೆ. ಕೊಬ್ಬಿನಲ್ಲಿ ಕರಗುವ ವಿಷವಾದರೆ ಹಾಲಿನ ಕೊಬ್ಬು ಅದನ್ನು ಬೇಗ ಒಳಗೆಳೆಯಬಹುದು. ಇಲಿ ಪಾಷಾಣದಲ್ಲಿ ಒಂದಾದ ಜಿಂಕ್ ಫಾಸ್ಫೈಡ್ ತಿಂದ ಬೆಕ್ಕಿಗೆ ಹಾಲು, ಅನ್ನ ಕೊಟ್ಟರಂತೂ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ, ವಿಷಾನಿಲ ಇನ್ನೂ ಜೋರಾಗಿ ಹುಟ್ಟುತ್ತದೆ. ಆ ಬೆಕ್ಕು ಕಕ್ಕಿದರೆ ಹೊಮ್ಮುವ ಗಾಳಿ ಹತ್ತಿರ ಕೂತ ಮನುಷ್ಯರಿಗೂ ಕೆಟ್ಟದ್ದು, ಕಿಟಕಿ ಬಾಗಿಲು ತೆರೆದಿಡಬೇಕು. ಹುಣಸೆನೀರು, ಎಣ್ಣೆ, ಹಸಿ ಮೊಟ್ಟೆ ಇವುಗಳನ್ನು ಒಂದೊಂದಾಗಿ ಬಿಡಿಸಿ ಹೇಳುವುದಿಲ್ಲ. ಒಲ್ಲದ ಬೆಕ್ಕಿನ ಗಂಟಲಿಗೆ ಬಲವಂತದಿಂದ ಹೊಯ್ದ ಯಾವ ದ್ರವವೂ ಶ್ವಾಸನಾಳಕ್ಕೆ ಇಳಿಯಬಹುದು, ಅಷ್ಟು ತಿಳಿದರೆ ಸಾಕು. ಒಲೆಯ ಇದ್ದಿಲು ಪುಡಿಮಾಡಿ ತಿನ್ನಿಸುವವರಿದ್ದಾರೆ. ಆಸ್ಪತ್ರೆಯಲ್ಲಿ ಕೊಡುವ ಸಕ್ರಿಯ ಇದ್ದಿಲೇ ಬೇರೆ. ವಿಷವನ್ನು ಹೀರಿಕೊಳ್ಳುವಂತೆ ಹದಮಾಡಿದ್ದು ಅದು, ಒಲೆಯ ಇದ್ದಿಲಿಗೆ ಆ ಶಕ್ತಿಯಿಲ್ಲ.

ನನ್ನ ಎದುರು ನಿಲ್ಲುವ ವಾದವೊಂದಿದೆ, ಅದನ್ನು ತಳ್ಳಿಹಾಕಲಾರೆ. "ರಾತ್ರಿ ಹತ್ತು ಗಂಟೆಗೆ ಅಂತರಘಟ್ಟೆಯಲ್ಲಿ ಬೆಕ್ಕಿನ ಡಾಕ್ಟರನ್ನ ಎಲ್ಲಿಂದ ತರೋಣ ಸ್ವಾಮಿ? ಸುಮ್ನೆ ಕೂತು ಸಾಯೋದ ನೋಡೋದಕ್ಕಿಂತ ಏನೋ ಒಂದು ಮಾಡೋದು ವಾಸಿ ಅಲ್ವ?" ಈ ಮಾತಿನ ಹಿಂದಿನ ಸಂಕಟ ನಿಜ. ಪಶು ಆಸ್ಪತ್ರೆ ಎಂದರೆ ನಮ್ಮಲ್ಲಿ ಹಗಲು ತೆರೆಯುವ, ದನ ಕುರಿ ಎಮ್ಮೆಗೆ ಸಜ್ಜಾದ ಜಾಗ. ಆದರೆ ಏನೋ ಒಂದು ಮಾಡುವುದು ಎಂದರೆ ಬಾಯಿಗೆ ಹೊಯ್ಯುವುದೇ ಏಕಾಗಬೇಕು? ಮಾಡಲು ಕೆಲಸ ಬೇಕಾದಷ್ಟಿದೆ.

ಉಳಿದ ಮಾತ್ರೆ, ಔಷಧಿ, ಇಲಿ ಬಿಸ್ಕತ್ತನ್ನು ಬೆಕ್ಕಿನಿಂದ ದೂರ ಮಾಡಿ, ಆದರೆ ಎಸೆಯಬೇಡಿ. ಮಾತ್ರೆಯ ಹಾಳೆ, ಬಾಟಲಿ, ಪೊಟ್ಟಣ ಏನಿದ್ದರೂ ಎತ್ತಿಟ್ಟುಕೊಳ್ಳಿ. ವೈದ್ಯರಿಗೆ ಅದರ ಮೇಲಿನ ಹೆಸರು ನಿಮ್ಮ ಹತ್ತು ಮಾತಿಗಿಂತ ಹೆಚ್ಚು ಹೇಳುತ್ತದೆ. ಎಷ್ಟು ಹೋಗಿರಬಹುದು, ಎಷ್ಟು ಹೊತ್ತಾಯಿತು, ಬೆಕ್ಕಿನ ತೂಕ ಸುಮಾರು ಎಷ್ಟು ಎಂಬುದನ್ನು ಬರೆದುಕೊಳ್ಳಿ. ಒಸಡಿನ ಬಣ್ಣ ನೋಡಿ. ಜೊಲ್ಲು, ನಡುಕ, ಮುಖದ ಊತ ಕಂಡರೆ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಮೈಗೆ ಮೆತ್ತಿದ ಔಷಧಿಯಾದರೆ ಉಗುರುಬೆಚ್ಚನೆ ನೀರು ಮತ್ತು ಪಾತ್ರೆ ತೊಳೆಯುವ ಸೋಪಿನ ದ್ರವದಿಂದ ತೊಳೆದು, ಒರೆಸಿ, ಬೆಚ್ಚಗೆ ಸುತ್ತಿ. ಮನೆಯಲ್ಲಿ ಮಾಡಬಹುದಾದ ನಿಜವಾದ ಚಿಕಿತ್ಸೆ ಎಂದರೆ ಇದೊಂದೇ, ಅದನ್ನು ತಡಮಾಡದೆ ಮಾಡಿ. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲೋ ಬುಟ್ಟಿಯಲ್ಲೋ ಬಟ್ಟೆ ಹಾಸಿ ಬೆಕ್ಕನ್ನು ಕೂರಿಸಿ. ಫೋನು ಮಾಡಿ. ತಾಲ್ಲೂಕಿನ ಪಶುವೈದ್ಯರಿಗೆ ಮಾಡಿ, ಪಶು ಸಹಾಯವಾಣಿ 1962ಕ್ಕೆ ಮಾಡಿ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಮಾಡಿ. ವೈದ್ಯರು ಫೋನಿನಲ್ಲೇ ಏನಾದರೂ ಕೊಡಲು ಹೇಳಿದರೆ ಕೊಡಿ, ಹೇಳದೆ ಏನನ್ನೂ ಕೊಡಬೇಡಿ. ಆಮೇಲೆ ಹೊರಡಿ.

ಹೊರಟರೆ ಫಲವಿದೆ. ಪ್ಯಾರಾಸಿಟಮಾಲ್ ವಿಷಕ್ಕೆ ಪ್ರತಿವಿಷ ಇದೆ, ಹೆಸರು ಎನ್-ಅಸಿಟೈಲ್ ಸಿಸ್ಟೀನ್. ಯಾವುದೋ ದೂರದೇಶದ ವಸ್ತುವೇನೂ ಅಲ್ಲ. ಎದೆಯ ಕಫ ಕರಗಿಸಲು ಮನುಷ್ಯರಿಗೆ ಬರೆದುಕೊಡುವ ಔಷಧಿಯೇ ಅದು, ಸಾಮಾನ್ಯ ಮೆಡಿಕಲ್ ಶಾಪುಗಳಲ್ಲಿ ಸಿಗುತ್ತದೆ. ತೂಕ ನೋಡಿ ಮೊದಲ ದೊಡ್ಡ ಪ್ರಮಾಣ, ಆಮೇಲೆ ಆರಾರು ಗಂಟೆಗೊಮ್ಮೆ ಅದರರ್ಧ ಎಂಬ ಕ್ರಮದಲ್ಲಿ ವೈದ್ಯರು ಕೊಡುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೊಮಾಡಿಯೊಲೋನ್ ಎಂಬ ಇಲಿ ಪಾಷಾಣಕ್ಕೆ ವಿಟಮಿನ್ ಕೆ1 ಇದೆ. ಅಲ್ಲಿನ ಮೋಸವೆಂದರೆ ತಿಂದ ಬೆಕ್ಕು ಮೂರು ದಿನ ಆಟವಾಡಿಕೊಂಡೇ ಇರುತ್ತದೆ, ಆಮೇಲೆ ಒಳಗೊಳಗೇ ರಕ್ತ ಸೋರುತ್ತದೆ. "ಏನೂ ಆಗಿಲ್ಲ ನೋಡು" ಎನ್ನುವ ಆ ಮೂರು ದಿನವೇ ಚಿಕಿತ್ಸೆಯ ಕಾಲ. ಬೆಳೆಗೆ ಹೊಡೆಯುವ ಆರ್ಗನೋಫಾಸ್ಫೇಟ್ ಔಷಧಿಗಳಿಗೆ ಅಟ್ರೋಪಿನ್ ಇದೆ. ಇವೆಲ್ಲ ಸೂಜಿಯ ಕೆಲಸ, ತೂಕದ ಲೆಕ್ಕದ ಕೆಲಸ. ಗೊಟ್ಟದ ಕೆಲಸವಲ್ಲ.

"ಒಂದು ಬೆಕ್ಕಿಗೆ ಇಷ್ಟೆಲ್ಲವಾ?" ಎನ್ನುವವರಿಗೆ ನನ್ನ ಉತ್ತರ ಅವರ ಅಟ್ಟದಲ್ಲೇ ಇದೆ. ಕೊಬ್ಬರಿಗೆಂದು ಕೂಡಿಟ್ಟ ತೆಂಗಿನಕಾಯಿ, ಕಣಜದ ರಾಗಿ, ಬಿತ್ತನೆಗೆ ಎತ್ತಿಟ್ಟ ಕಡಲೆಕಾಯಿ ಇವನ್ನೆಲ್ಲ ವರ್ಷವಿಡೀ ಕಾದದ್ದು ಯಾರು? ಎತ್ತು ದುಡಿಯುತ್ತದೆ, ಆದ್ದರಿಂದ ಅದಕ್ಕೆ ವೈದ್ಯ. ಬೆಕ್ಕೂ ದುಡಿಯುತ್ತದೆ, ರಾತ್ರಿಪಾಳಿಯಲ್ಲಿ, ಕೂಲಿಯಿಲ್ಲದೆ. ದುಡಿಯದ, ಸುಮ್ಮನೆ ಬಿಸಿಲು ಕಾಯಿಸುವ ಬೆಕ್ಕಿಗೂ ಕಾನೂನು ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೇ ಕಲಮು ಪ್ರಾಣಿಯನ್ನು ಇಟ್ಟುಕೊಂಡವರು ಅದರ ಕ್ಷೇಮಕ್ಕೆ ಬೇಕಾದ ಕ್ರಮ ಕೈಗೊಳ್ಳಬೇಕು, ಅನಗತ್ಯ ನೋವು ಆಗದಂತೆ ನೋಡಿಕೊಳ್ಳಬೇಕು ಎನ್ನುತ್ತದೆ. ಅದರಲ್ಲಿ ಎತ್ತಿಗೆ ಒಂದು, ಬೆಕ್ಕಿಗೆ ಇನ್ನೊಂದು ಎಂದಿಲ್ಲ.

ಪಶುಸಂಗೋಪನಾ ಇಲಾಖೆಗೂ ಒಂದು ಮಾತು. ಕಡೂರು, ತರೀಕೆರೆ, ಅಜ್ಜಂಪುರದ ಪ್ರತಿ ಪಶು ಆಸ್ಪತ್ರೆಯ ಕಪಾಟಿನಲ್ಲೂ ಎನ್-ಅಸಿಟೈಲ್ ಸಿಸ್ಟೀನ್ ಮತ್ತು ವಿಟಮಿನ್ ಕೆ1 ಇರಬೇಕು. ರಾತ್ರಿ ಕರೆ ಮಾಡಿದರೆ ಎತ್ತುವ ಒಂದು ಸಂಖ್ಯೆ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರಬೇಕು. ಅಂತರಘಟ್ಟೆಯ ಜಾತ್ರೆಗೆ ಈ ಮೂರೂ ತಾಲ್ಲೂಕಿನ ಜನ ಬರುತ್ತಾರೆ. ಬರುವ ಜಾತ್ರೆಯಲ್ಲಿ ಗಾಡಿಗಳು ನಿಲ್ಲುವ ಬಯಲಲ್ಲಿ ಒಂದು ಬೋರ್ಡು ನೆಡಲಿ, ಬೆಕ್ಕಿಗೆ ಜ್ವರದ ಮಾತ್ರೆ ಕೊಡಬೇಡಿ, ವಾಂತಿ ಮಾಡಿಸಬೇಡಿ, ಮಾತ್ರೆಯ ಹಾಳೆಯೊಂದಿಗೆ ವೈದ್ಯರ ಬಳಿಗೆ ತನ್ನಿ ಎಂದು. ಅಷ್ಟು ಬರೆಸಲು ಒಂದು ಡಬ್ಬಿ ಬಣ್ಣ ಸಾಕು.

ಓದುಗರೇ, ಇವತ್ತು ರಾತ್ರಿ ಮಲಗುವ ಮೊದಲು ಎರಡು ಕೆಲಸ ಮಾಡಿ. ಕಿಟಕಿಯ ಮೇಲೆ, ಟೀವಿಯ ಪಕ್ಕ, ದಿಂಬಿನ ಕೆಳಗೆ ಬಿದ್ದಿರುವ ಮಾತ್ರೆಗಳನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿ. ಹತ್ತಿರದ ಪಶುವೈದ್ಯರ ಫೋನ್ ನಂಬರನ್ನು ಆ ಡಬ್ಬಿಯ ಮುಚ್ಚಳದ ಮೇಲೆ ಬರೆದಿಡಿ.